ಹಲಗಿ ಸಪ್ಪಳಕ್ಕೆ ಮಿನುಗುವ ದೀಪ

ಹೋಳಿ ಹುಣ್ಣಿಮೆ ಬಂತೆಂದರೆ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ನೆರೆಯುತ್ತಾರೆ, ಓಣಿ ಓಣಿಯಲ್ಲಿ ಹಲಗಿ ಮೊಳಗುತ್ತದೆ. ಆ ಸಪ್ಪಳಕ್ಕೆ ತಾನಾಗಿ ಹೊಳೆಯುವ ಎಲ್‌ಇಡಿ ದೀಪ ಮನೆಯಲ್ಲಿ ಮಾಡಬಹುದೇ ಎಂಬುದು ಅಲ್ಲಿನ ಪಿಯುಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ.

ಖಂಡಿತ ಮಾಡಬಹುದು.

ಬೇಕಾದದ್ದು ಒಂದು ಕಂಡೆನ್ಸರ್ ಮೈಕ್, ಎರಡು ಬಿಸಿ547 ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಒಂದು ಕೆಪಾಸಿಟರ್, ಮೂರು ಕೆಂಪು ಎಲ್‌ಇಡಿ, 1.5 ವೋಲ್ಟಿನ ಮೂರು ಸೆಲ್. ಮೈಕಿನ ಎರಡು ಕಾಲುಗಳಲ್ಲಿ ಲೋಹದ ಕವಚಕ್ಕೆ ತಾಗಿದ್ದು ನೆಗೆಟಿವ್. ಇನ್ನೊಂದಕ್ಕೆ ಪಾಸಿಟಿವ್‌ನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ ವಿದ್ಯುತ್ ಕೊಡಬೇಕು. ಅದೇ ಕಾಲಿನಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೊದಲ ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುತ್ತದೆ. ಆ ಬೇಸ್‌ಗೆ ಪಾಸಿಟಿವ್‌ನಿಂದ 1 ಮೆಗಾಓಮ್, ಕಲೆಕ್ಟರ್‌ಗೆ 10 ಕಿಲೋಓಮ್. ಕಲೆಕ್ಟರ್ ನೇರವಾಗಿ ಎರಡನೆಯದರ ಬೇಸ್‌ಗೆ. ಎರಡೂ ಎಮಿಟರ್ ನೆಗೆಟಿವ್‌ಗೆ. ಪ್ರತಿ ಎಲ್‌ಇಡಿ 220 ಓಮ್ ರೆಸಿಸ್ಟರಿನೊಂದಿಗೆ ಪಾಸಿಟಿವ್‌ನಿಂದ ಎರಡನೆಯದರ ಕಲೆಕ್ಟರ್‌ಗೆ.

ನಿಶ್ಶಬ್ದದಲ್ಲಿ ಮೊದಲ ಟ್ರಾನ್ಸಿಸ್ಟರ್ ಸದಾ ವಾಹಕ ಸ್ಥಿತಿಯಲ್ಲಿದ್ದು ಎರಡನೆಯದನ್ನು ತಡೆದಿಡುತ್ತದೆ. ಪೆಟ್ಟು ಬಿದ್ದಾಗ ಮೈಕಿನ ಅಲೆ ಮೊದಲನೆಯದನ್ನು ಕ್ಷಣಕಾಲ ಮುಚ್ಚುತ್ತದೆ, ಎರಡನೆಯದು ತೆರೆದು ದೀಪ ಹೊತ್ತುತ್ತದೆ. ಈ ಕೆಲಸದ ಸೊಗಸೆಲ್ಲ ಇಲ್ಲಿದೆ. ಸ್ಪಂದನೆ ಸಾಲದಿದ್ದರೆ 1 ಮೆಗಾಓಮ್ ಬದಲು 1.5 ಹಾಕಲಿ, ದೀಪ ಆರದೇ ಉರಿದರೆ 820 ಕಿಲೋಓಮ್. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದ ಸಂಗೀತ ಸಭೆಯ ಮೆಲುವಾದ ಆಲಾಪಕ್ಕೆ ಇದು ಸಾಲದು, ಇನ್ನೊಂದು ವರ್ಧಕ ಹಂತ ಬೇಕು. ಹಲಗಿಗೆ ಇಷ್ಟೇ ಸಾಕು.

ಮೊದಲು ಬ್ರೆಡ್‌ಬೋರ್ಡ್ ಮೇಲೆ ಪರೀಕ್ಷಿಸಿ, ಆಮೇಲೆ ಬೆಸುಗೆ ಹಾಕಲಿ. ಮನೆಯ 230 ವೋಲ್ಟ್ ಕರೆಂಟಿಗೆ ಮಾತ್ರ ಇದನ್ನು ಜೋಡಿಸಲೇಬಾರದು.