ಮನೆಯ ರೂಟರಿಗೆ ಮುಕ್ತ ತಂತ್ರಾಂಶ: ಕಾನೂನು ಏನನ್ನುತ್ತದೆ?

ರೂಟರು ಗಟ್ಟಿಮುಟ್ಟಾಗಿದೆ, ಆದರೆ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾದವು. ‘ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿಸಿ, ಇನ್ನಷ್ಟು ವರ್ಷ ಬಾಳುತ್ತದೆ’ ಎಂದು ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗನೋ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯವರೋ ಹೇಳುತ್ತಾರೆ. ಹಾಕಿದರೆ ಅಪರಾಧವಾದೀತೇ? ಸ್ವಂತ ದುಡ್ಡಿನಲ್ಲಿ ಕೊಂಡ ರೂಟರಿನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಬದಲಿಸಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಆದರೆ ಕೈಹಾಕುವ ಮುನ್ನ ಕೆಲವು ಸಂಗತಿ ಖಚಿತಪಡಿಸಿಕೊಳ್ಳಬೇಕು.

ರೂಟರು ಯಾರದು?

ಮುಂಬಯಿಯ ಎಷ್ಟೋ ಮನೆಗಳಲ್ಲಿ ಗೋಡೆಗೆ ನೇತಾಡುವ ಪೆಟ್ಟಿಗೆ ಇಂಟರ್‌ನೆಟ್ ಕಂಪನಿಯದು. ಡಿಪಾಸಿಟ್ ಇಟ್ಟು ಪಡೆದದ್ದಾದರೆ ನೀವು ಬಳಕೆದಾರರು, ಮಾಲೀಕರಲ್ಲ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ಸಾಧನದೊಳಗೆ ಕೈಯಾಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಡಿ ಪರಿಹಾರ ತೆರಬೇಕಾಗಬಹುದು. ಅಂಥ ಪೆಟ್ಟಿಗೆಯನ್ನು ಮುಟ್ಟಬೇಡಿ. ಅದನ್ನು ‘ಬ್ರಿಡ್ಜ್ ಮೋಡ್’ಗೆ (ಸಂಪರ್ಕವನ್ನು ಮಾತ್ರ ದಾಟಿಸುವ ಸ್ಥಿತಿಗೆ) ಹಾಕಿಕೊಡುವಂತೆ ಕಂಪನಿಗೆ ಲಿಖಿತವಾಗಿ ಕೇಳಿ, ಅದರ ಹಿಂದೆ ಸ್ವಂತ ರೂಟರು ಜೋಡಿಸಿಕೊಳ್ಳಿ. ಕೊಂಡದ್ದಾದರೆ ಜಿಎಸ್‌ಟಿ ಬಿಲ್ಲು ಜೋಪಾನ. ಮಾಲೀಕತ್ವಕ್ಕೆ ಅದೇ ಸಾಕ್ಷಿ.

ತಂತ್ರಾಂಶ ಬದಲಿಸುವ ಹಕ್ಕು

ಅನೇಕ ರೂಟರುಗಳ ಒಳಗೆ ಇರುವುದು ಲಿನಕ್ಸ್. ಅದರ ಜಿಪಿಎಲ್ ಪರವಾನಗಿಯ ಪ್ರಕಾರ ತಂತ್ರಾಂಶ ಪಡೆದವರಿಗೆ ಅದರ ಮೂಲ ಸಂಕೇತವನ್ನು ಪಡೆಯುವ, ತಿದ್ದುವ ಹಕ್ಕಿದೆ. 2003ರಲ್ಲಿ ಲಿಂಕ್‌ಸಿಸ್ ಕಂಪನಿ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಸಂಕೇತವನ್ನು ಬಿಡುಗಡೆ ಮಾಡಬೇಕಾಗಿ ಬಂದದ್ದು ಇದರಿಂದಲೇ. ಮರುವರ್ಷ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಹೆಸರಿನಲ್ಲೂ ಆ ಮಾದರಿಯ ನೆನಪಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮು ಡಿಜಿಟಲ್ ಬೀಗ ಮುರಿಯುವುದನ್ನು ಶಿಕ್ಷಿಸುತ್ತದೆ, ಆದರೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇದ್ದಾಗ ಮಾತ್ರ.

ರೇಡಿಯೊ ಮಿತಿ

ವೈಫೈಗೆ ಲೈಸೆನ್ಸ್ ಬೇಡ ಎಂಬುದು ಷರತ್ತಿನ ವಿನಾಯಿತಿ. 2005ರ ನಿಯಮದಂತೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಟ್ರಾನ್ಸ್‌ಮಿಟರಿನ ಶಕ್ತಿ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್ ಮೀರಬಾರದು. 5 ಗಿಗಾಹರ್ಟ್ಸ್ ಪಟ್ಟಿಗೆ 2018ರ ಪ್ರತ್ಯೇಕ ನಿಯಮವಿದೆ. ಹೊಸ ಫರ್ಮ್‌ವೇರಿನ ವೈರ್‌ಲೆಸ್ ಪುಟದಲ್ಲಿ ದೇಶದ ಸಂಕೇತ ಕೇಳುವ ಜಾಗವೊಂದಿರುತ್ತದೆ; ಅಲ್ಲಿ ಭಾರತವನ್ನೇ ಆರಿಸಿ. ಸಿಗ್ನಲ್ ಜೋರಾಗಲಿ ಎಂದು ಬೇರೆ ದೇಶ ಆರಿಸಿದರೆ ವಿನಾಯಿತಿಯ ಗೆರೆ ದಾಟಿದಂತಾದೀತು.

ಬೀಗ ಹಾಕುವ ಹೊಣೆ

ವೈಫೈಗೆ ಬೀಗ ಹಾಕಬೇಕೆಂಬುದನ್ನು ಮುಂಬಯಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟದ ಬಗ್ಗೆ ಉಗ್ರರ ಇ–ಮೇಲ್ ಹೋದದ್ದು ನವಿ ಮುಂಬಯಿಯ ಸಾನ್‌ಪಾಡಾದ ಮನೆಯೊಂದರ ವೈಫೈಯಿಂದ. ಸೆಪ್ಟೆಂಬರಿನ ದಿಲ್ಲಿ ಸ್ಫೋಟದ್ದು ಚೆಂಬೂರಿನ ಕಚೇರಿಯೊಂದರ ವೈಫೈಯಿಂದ. ಪೊಲೀಸರು ಮೊದಲು ಬಂದದ್ದು ಆ ವೈಫೈ ಮಾಲೀಕರ ಬಾಗಿಲಿಗೆ. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಯ ಸೂಚನೆಗಳನ್ನು ಹೊರಡಿಸಿತು. ಓಪನ್‌ಡಬ್ಲ್ಯುಆರ್‌ಟಿ ಹಾಕಿದೊಡನೆ ಸಾಮಾನ್ಯವಾಗಿ ವೈಫೈ ಆಫ್ ಆಗಿರುತ್ತದೆ, ಆಡಳಿತದ ಪಾಸ್‌ವರ್ಡ್ ಖಾಲಿ ಇರುತ್ತದೆ. ಮೊದಲು ಪಾಸ್‌ವರ್ಡ್ ಇಡಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಆರಿಸಿ, ಆಮೇಲೆ ವೈಫೈ ಆನ್ ಮಾಡಿ.

ವಾರಂಟಿ ಮತ್ತು ದೂರು

ವಾರಂಟಿ ಎಂಬುದು ಒಪ್ಪಂದ. ಬೇರೆ ತಂತ್ರಾಂಶ ಹಾಕಿದರೆ ರದ್ದು ಎಂದು ಕಾರ್ಡಿನಲ್ಲಿ ಬರೆದಿದೆಯೇ ನೋಡಿ. ಬರೆದಿದ್ದರೆ ವಾರಂಟಿ ಮುಗಿಯುವವರೆಗೆ ಕಾಯುವುದು ಲೇಸು. ಫರ್ಮ್‌ವೇರಿಗೆ ಸಂಬಂಧವೇ ಇಲ್ಲದ ದೋಷಕ್ಕೂ, ಉದಾಹರಣೆಗೆ ಅಡಾಪ್ಟರ್ ಸುಟ್ಟದ್ದಕ್ಕೂ, ಅದೇ ನೆಪ ಹೇಳಿ ರಿಪೇರಿ ನಿರಾಕರಿಸಿದರೆ ಹೀಗೆ ಮಾಡಿ:

1. ಬಿಲ್ಲಿನ ಪ್ರತಿಯೊಡನೆ ಕಂಪನಿಗೆ ಇ–ಮೇಲ್ ಕಳಿಸಿ, ಲಿಖಿತ ಉತ್ತರ ಕೇಳಿ.

2. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಬರೆಸಿ.

3. ಬಗೆಹರಿಯದಿದ್ದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಉಪನಗರದವರಿಗೆ ಬಾಂದ್ರಾ ಪೂರ್ವದಲ್ಲಿ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ‘ಇ–ಜಾಗೃತಿ’ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ತಕರಾರು ಇಂಟರ್‌ನೆಟ್ ಸೇವೆಯದಾದರೆ ಮೊದಲು ಕಂಪನಿಯ ದೂರು ಕೇಂದ್ರದಿಂದ ಡಾಕೆಟ್ (ದೂರಿನ) ಸಂಖ್ಯೆ ಪಡೆಯಿರಿ, ಅನಂತರ ಅದರ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ದೂರಸಂಪರ್ಕದ ದೂರುಗಳನ್ನೂ ಗ್ರಾಹಕ ಆಯೋಗ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ತೀರ್ಪಿತ್ತಿದೆ.

ಕೊನೆಯ ಮಾತು. ರೂಟರಿನ ತಳದ ಚೀಟಿಯಲ್ಲಿರುವ ಮಾದರಿ ಮತ್ತು ಆವೃತ್ತಿ ಸಂಖ್ಯೆ ಎರಡೂ ಓಪನ್‌ಡಬ್ಲ್ಯುಆರ್‌ಟಿ ಪಟ್ಟಿಯಲ್ಲಿವೆಯೇ ನೋಡಿ. ಒಂದು ಅಂಕಿ ಬೇರೆಯಾದರೂ ಯಂತ್ರ ಕೆಡಬಹುದು, ಆ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ರೂಟರು ನಿಮ್ಮದು, ವಾರಂಟಿ ಮುಗಿದಿದೆ ಅಥವಾ ಅದರ ಅಡ್ಡಿಯಿಲ್ಲ, ಕಂಪನಿಯ ಅಪ್‌ಡೇಟ್ ನಿಂತಿದೆ, ಮಾದರಿ ಪಟ್ಟಿಯಲ್ಲಿದೆ: ಈ ನಾಲ್ಕೂ ಹೊಂದಿದರೆ ಧೈರ್ಯವಾಗಿ ಹಾಕಿಕೊಳ್ಳಿ. ಒಂದು ತಪ್ಪಿದರೂ ಸದ್ಯಕ್ಕೆ ಬೇಡ.