‘ಕೊಬ್ಬು’ ಎಂಬ ಪದದ ಕಥೆ



ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದೇ ಒಂದು ಪದದ ಬಗ್ಗೆ ಬರೆಯುತ್ತಿದ್ದೇನೆ. ನಾವೆಲ್ಲ ದಿನಾ ಆಡುವ ಪದ ಅದು. ಬರೆಯಲು ಕಾರಣ ನನ್ನ ತಪ್ಪೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವಾರ ಆಟದ ಪೀರಿಯಡ್‌ನಲ್ಲಿ ಖೋ ಖೋ ಆಡುತ್ತಿದ್ದೆವು. ನಮ್ಮ ತಂಡದ ಒಬ್ಬ ಗೆಳೆಯ ಸ್ವಲ್ಪ ದಪ್ಪ ಇದ್ದಾನೆ. ಖೋ ಕೊಟ್ಟರೂ ಅವನು ಬೇಗ ಏಳಲಿಲ್ಲ. ನಾವು ಸೋತೆವು. ನನಗೆ ಸಿಟ್ಟು ಬಂದು ಎಲ್ಲರ ಮುಂದೆ, “ನಿನಗೆ ಕೊಬ್ಬು ಜಾಸ್ತಿ ಆಗೈತೆ, ಅದಕ್ಕೇ ಏಳಂಗಿಲ್ಲ” ಅಂದೆ. ಎಲ್ಲರೂ ನಕ್ಕರು. ಅವನು ಏನೂ ಅನ್ನಲಿಲ್ಲ. ಮರುದಿನ ಬಿಸಿಯೂಟದಲ್ಲಿ ಒಂದೇ ಸೌಟು ಅನ್ನ ಹಾಕಿಸಿಕೊಂಡ. ಅದರಲ್ಲೂ ಅರ್ಧ ಬಿಟ್ಟು ಎದ್ದ.

ಕನ್ನಡ ಸರ್ ಇದನ್ನು ನೋಡಿ ನನ್ನನ್ನು ಕರೆದರು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. “ಕೊಬ್ಬು ಅಂದಿಯಂತೆ. ಆ ಪದಕ್ಕೆ ಎರಡು ಅರ್ಥ ಐತೆ. ಒಂದು ಮೈಯೊಳಗಿನ ಜಿಡ್ಡು, ಇನ್ನೊಂದು ಸೊಕ್ಕು. ನೀನು ಯಾವುದನ್ನ ಅಂದಿದ್ದು?” ಎಂದು ಕೇಳಿದರು. ನನಗೆ ಉತ್ತರ ಬರಲಿಲ್ಲ. “ಹಂಗಾದ್ರೆ ಹುಡುಕಿ ಬರಿ” ಅಂದರು.

ಹುಡುಕಲು ಸರ್ ಅವರೇ ಸಹಾಯ ಮಾಡಿದರು. ಕಿಟೆಲ್ ಎಂಬ ಜರ್ಮನ್ ಪಾದ್ರಿ ಕನ್ನಡ ಕಲಿತು ದೊಡ್ಡ ನಿಘಂಟು ಮಾಡಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬಹಳ ದಪ್ಪ ಪುಸ್ತಕ. ಅದು ದಪ್ಪ ಇದೆ ಎಂದು ಯಾರೂ ನಗುವುದಿಲ್ಲ, ಗೌರವ ಕೊಡುತ್ತಾರೆ!

ಹಳಗನ್ನಡದಲ್ಲಿ ಈ ಪದ ‘ಕೊರ್ಬು’, ‘ಕೊರ್ವು’ ಎಂದು ಇತ್ತು. ಮುಂದೆ ‘ರ್’ ಬಿದ್ದುಹೋಗಿ ‘ಬ’ ಎರಡಾಯಿತು. ಇದು ಒಂದೇ ಪದಕ್ಕೆ ಆದದ್ದಲ್ಲ. ‘ಕರ್ಬು’ ಹೋಗಿ ಕಬ್ಬು ಆಯಿತು. ‘ಕರ್ಬುನ’ ಹೋಗಿ ಕಬ್ಬಿಣ ಆಯಿತು. ಅಂದರೆ ನಾವು ತಿನ್ನುವ ಕಬ್ಬು, ಸಂಡೂರಿನ ಕಬ್ಬಿಣ, ನಮ್ಮ ಮೈಯ ಕೊಬ್ಬು ಮೂರೂ ಒಂದೇ ದಾರಿಯಲ್ಲಿ ನಡೆದು ಬಂದ ಪದಗಳು.

ಇದರ ಅಣ್ಣತಮ್ಮಂದಿರು ಪಕ್ಕದ ಭಾಷೆಗಳಲ್ಲೂ ಇದ್ದಾರೆ. ತೆಲುಗಿನಲ್ಲಿ ‘ಕೊವ್ವು’. ನಮ್ಮ ಮೋಕದಲ್ಲಿ ತೆಲುಗು ಆಡುವ ಮನೆಗಳು ಬಹಳ, ಅವರನ್ನು ಕೇಳಿ ನೋಡಿ. ತಮಿಳಿನಲ್ಲಿ ‘ಕೊೞುಪ್ಪು’. (ಈ ೞ ಅಕ್ಷರ ಹಳಗನ್ನಡದಲ್ಲೂ ಇತ್ತು, ಈಗ ಬಳಕೆಯಲ್ಲಿಲ್ಲ.) ಆಶ್ಚರ್ಯ ಏನೆಂದರೆ ಈ ಎರಡು ಭಾಷೆಗಳಲ್ಲೂ ಅದಕ್ಕೆ ಜಿಡ್ಡು ಎಂಬ ಅರ್ಥವೂ ಇದೆ, ಸೊಕ್ಕು ಎಂಬ ಅರ್ಥವೂ ಇದೆ. ಮೂರು ಭಾಷೆಯವರೂ ಒಂದೇ ಪದದಿಂದ ಬೈಯುತ್ತಾರೆ.

ಆದರೆ ಇದರ ಮೂಲದಲ್ಲಿ ಬೈಗುಳ ಇಲ್ಲ. ತಮಿಳಿನ ‘ಕೊೞು’ ಅಂದರೆ ಪುಷ್ಟಿಯಾಗು, ಸಮೃದ್ಧಿಯಾಗು ಎಂದು. ಕನ್ನಡದಲ್ಲೂ ಚೆನ್ನಾಗಿ ಬೆಳೆ, ಹೆಚ್ಚಾಗು ಎಂಬ ಅರ್ಥ ಇತ್ತು. ಮನೆಯಲ್ಲಿ ಇದನ್ನು ಓದಿ ಹೇಳಿದಾಗ ನಮ್ಮ ತಾತ, “ಅದ್ರಾಗೇನೈತೆ, ಯೂರಿಯಾ ಜಾಸ್ತಿ ಹಾಕಿದ್ರೆ ಭತ್ತ ಕೊಬ್ಬಿ ಬೆಳೀತದೆ, ಆಮೇಲೆ ಗಾಳಿಗೆ ಮಲಗ್ತದೆ” ಅಂದ. ಭತ್ತಕ್ಕೆ ಸೊಕ್ಕು ಇರುತ್ತದೆಯೇ? ಇಲ್ಲ. ಅದು ಬರೀ ಬೆಳವಣಿಗೆ.

ಹಾಗಾದರೆ ಸೊಕ್ಕು ಎಲ್ಲಿಂದ ಬಂತು? ಸರ್ ಹೀಗೆ ವಿವರಿಸಿದರು: ಚೆನ್ನಾಗಿ ಮೇದ ಹೋರಿ ಹಗ್ಗಕ್ಕೆ ನಿಲ್ಲುವುದಿಲ್ಲ, ಹಾಯಲು ಬರುತ್ತದೆ. ಅದನ್ನು ನೋಡಿದ ಜನ ಮಾತು ಕೇಳದ ಮನುಷ್ಯನಿಗೂ ‘ಕೊಬ್ಬಿದ್ದಾನೆ’ ಅಂದಿರಬಹುದು. ಹೋರಿಗೆ ಆಡಿದ ಮಾತು ನನ್ನ ಗೆಳೆಯನಿಗೆ ತಗುಲಿತು.

ದಪ್ಪ ಮೈಗೆ ಬೇರೆ ಪದಗಳೂ ಇವೆ. ‘ಬೊಜ್ಜು’ ತೆಲುಗಿನ ‘ಬೊಜ್ಜ’ ಎಂಬ ಪದಕ್ಕೆ ನಂಟು. ಬೊಜ್ಜ ಅಂದರೆ ಹೊಟ್ಟೆ, ಅಷ್ಟೇ. ‘ಸ್ಥೂಲಕಾಯ’ ಸಂಸ್ಕೃತದ್ದು. ಸ್ಥೂಲ ಅಂದರೆ ದೊಡ್ಡದು, ದಪ್ಪನೆಯದು. ಕಾಯ ಅಂದರೆ ಮೈ. ಸ್ಥೂಲಕ್ಕೆ ವಿರುದ್ಧ ಪದ ಸೂಕ್ಷ್ಮ. ಇಂಗ್ಲಿಷಿನ ಒಬೆಸಿಟಿ ಲ್ಯಾಟಿನ್ ಭಾಷೆಯಿಂದ ಬಂದದ್ದು. ಅದರೊಳಗೆ ‘ತಿನ್ನು’ ಎಂಬ ಧಾತು ಇದೆ. ಆ ಪದ ಊಟದ ಕಡೆ ಬೆರಳು ತೋರಿಸುತ್ತದೆ. ನಮ್ಮ ಕೊಬ್ಬು ಗುಣದ ಕಡೆ ಬೆರಳು ತೋರಿಸುತ್ತದೆ. ಹೆಚ್ಚು ನೋವು ಕೊಡುವುದು ನಮ್ಮದೇ ಅಂತ ನನಗೆ ಅನ್ನಿಸಿತು.

ಇನ್ನು ವಿಜ್ಞಾನ ಏನು ಹೇಳುತ್ತದೆ ನೋಡೋಣ. ಕೊಬ್ಬು ಕೆಟ್ಟದ್ದಲ್ಲ. ಅದು ಮೈಯ ಕಣಜ. 1 ಗ್ರಾಂ ಪಿಷ್ಟದಿಂದ 4 ಕಿಲೋ ಕ್ಯಾಲೊರಿ ಶಕ್ತಿ ಬಂದರೆ, 1 ಗ್ರಾಂ ಕೊಬ್ಬಿನಿಂದ 9 ಬರುತ್ತದೆ. ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತಲು ಕೊಬ್ಬು ಬೇಕು. ಅತಿಯಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆ ಬರುವ ಭಯ ಹೆಚ್ಚು, ಅದೂ ನಿಜ. ದೊಡ್ಡವರಿಗೆ ಒಂದು ಲೆಕ್ಕ ಇದೆ. ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. 25 ಮುಟ್ಟಿದರೆ ತೂಕ ಹೆಚ್ಚು, 30 ಮುಟ್ಟಿದರೆ ಬೊಜ್ಜು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಈ ಅಂಕಿ ನಡೆಯುವುದಿಲ್ಲ, ವಯಸ್ಸಿನ ಪಟ್ಟಿ ಬೇರೆ ಇದೆ. ದಪ್ಪ ಆಗಲು ಊಟ ಒಂದೇ ಕಾರಣ ಅಲ್ಲ. ಮನೆತನದಿಂದ ಬರಬಹುದು, ಕೆಲವು ಕಾಯಿಲೆ ಮತ್ತು ಔಷಧಿಗಳಿಂದಲೂ ಬರಬಹುದು. ಖೋ ಖೋ ಮೈದಾನದಲ್ಲಿ ನಿಂತು ಬರೀ ಕಣ್ಣಿನಿಂದ ನೋಡಿ ಹೇಳುವ ವಿಷಯ ಅಲ್ಲ ಇದು.

ಇಷ್ಟೆಲ್ಲ ಬರೆದುಕೊಂಡು ನಾನು ಗೆಳೆಯನ ಹತ್ತಿರ ಹೋದೆ. “ಅವತ್ತು ಯಾಕೆ ಏಳಲಿಲ್ಲ?” ಅಂತ ಮೊದಲ ಸಲ ಕೇಳಿದೆ. “ಕಾಲು ಉಳುಕಿತ್ತು. ಹೇಳಾಕ ಹೋದೆ, ಅಷ್ಟರಾಗೆ ನೀನು ಅಂದುಬಿಟ್ಟೆ” ಅಂದ.

ಸರ್ ಕೇಳಿದ ಪ್ರಶ್ನೆಗೆ ಈಗ ನನ್ನ ಉತ್ತರ: ನಾನು ಎರಡೂ ಅರ್ಥ ಸೇರಿಸಿ ಅಂದಿದ್ದೆ. ಎರಡೂ ತಪ್ಪಾಗಿತ್ತು.

ಇದನ್ನು ಬರೆಯಲು ಅವನನ್ನು ಕೇಳಿದ್ದೇನೆ. “ಬರಿ, ನನ್ನ ಹೆಸರು ಮಾತ್ರ ಹಾಕಬ್ಯಾಡ” ಅಂದ. ನಿನ್ನೆ ಬಿಸಿಯೂಟಕ್ಕೆ ಅವನ ಪಕ್ಕದಲ್ಲೇ ಕುಳಿತೆ. ಎರಡನೇ ಸಲ ಸಾಂಬಾರ್ ಬಂದಾಗ ಅವನು ತಟ್ಟೆ ಮುಂದೆ ಚಾಚಿದ.

ಗೆಳೆಯರೇ, ನಿಮ್ಮ ಮನೆಯಲ್ಲಿ ದಪ್ಪ ಇರುವವರಿಗೆ ಏನೇನು ಪದ ಬಳಸುತ್ತಾರೆ? ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ತಿಂಗಳು ಅವುಗಳ ಅರ್ಥ ಹುಡುಕೋಣ.

ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ, ಮೋಕ