ನಾಲ್ಕು ಚಕ್ರಗಳ ಚಾಲನೆ: ಎಲ್ಲಿ ಬೇಕು, ಎಲ್ಲಿ ಬೇಡ

ಮಳೆಗಾಲದಲ್ಲಿ ಮುಂಬಯಿಯಿಂದ ಊರಿಗೆ ಹೊರಡುವ ಕನ್ನಡಿಗರಲ್ಲಿ ಜೀಪಿನ ಜಾತಿಯ ವಾಹನ ಇಟ್ಟುಕೊಂಡವರು ಈಗ ಕಡಿಮೆಯೇನಿಲ್ಲ. ಗೇರ್ ಕೋಲಿನ ಪಕ್ಕದಲ್ಲಿರುವ ಇನ್ನೊಂದು ಕೋಲೇ ಅವರಲ್ಲಿ ಹಲವರಿಗೆ ಧೈರ್ಯ. ಆ ಕೋಲಿನ ಕೆಲಸವೇನೆಂಬುದನ್ನು ಅರಿಯದೆ ತಂದುಕೊಂಡ ಧೈರ್ಯ ಘಟ್ಟದ ತಿರುವಿನಲ್ಲಿ ಜೀವಕ್ಕೇ ಎರವಾದೀತು.

ಜಿಮ್ನಿ, ನಾಲ್ಕು ಚಕ್ರ ಚಾಲನೆಯ ಥಾರ್ ಮೊದಲಾದವುಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ಕೋಲನ್ನು 4ಎಚ್ ಗುರುತಿಗೆ ತಂದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗತೊಡಗುತ್ತವೆ. ತೊಡಕು ಇಲ್ಲಿಯೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕು. ಈ ವ್ಯತ್ಯಾಸ ಲೆಕ್ಕದ ಬಾಕಿಯಂತೆ, ಎಲ್ಲಾದರೂ ತೀರಲೇಬೇಕು. ಕೆಸರಿನಲ್ಲಿ ಚಕ್ರ ತುಸು ಜಾರಿ ಬಾಕಿ ಚುಕ್ತಾ ಆಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದೆ ಅದು ಗೇರುಗಳ ಮೇಲೆ ಬಿಗಿತವಾಗಿ ಬೆಳೆಯುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ವಾಹನ ಮುಗ್ಗರಿಸಿದಂತಾಗುತ್ತದೆ, ಟೈರು ಸವೆಯುತ್ತದೆ, ಕಡೆಗೆ ಕೋಲೇ ಕಚ್ಚಿಕೊಳ್ಳುತ್ತದೆ. ಆಗ ಬಲವಂತ ಮಾಡದೆ ವಾಹನವನ್ನು ನೇರವಾಗಿ ಕೆಲವು ಅಡಿ ಹಿಂದಕ್ಕೆ ನಡೆಸಿದರೆ ಬಿಗಿತ ಸಾಮಾನ್ಯವಾಗಿ ಸಡಿಲುತ್ತದೆ. ಮಧ್ಯದಲ್ಲಿ ಇನ್ನೊಂದು ಡಿಫರೆನ್ಷಿಯಲ್ ಇದ್ದು ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವಾಹನಗಳಿಗೆ ಈ ಕಟ್ಟುಪಾಡಿಲ್ಲ. ತಮ್ಮದು ಯಾವ ಬಗೆಯದೆಂದು ಕೈಪಿಡಿ ನೋಡಿಯೇ ತಿಳಿಯಬೇಕು. ಆದರೆ ಎಷ್ಟೋ ಕೈಪಿಡಿಗಳು ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿರುವುದಿಲ್ಲ!

ಹೆಚ್ಚಿನ ತಪ್ಪು ತಿಳುವಳಿಕೆ ಇರುವುದು ಮಳೆಗೆ ನೆನೆದ ಡಾಂಬರಿನ ಬಗ್ಗೆ. ಕರಾವಳಿಯಿಂದ ಚಾರ್ಮಾಡಿ ಘಟ್ಟದ ಹೇರ್‌ಪಿನ್ ತಿರುವುಗಳಿಗೆ ಬಂದಾಗ ಚಾಲಕನು ನೆನಪಿಡಬೇಕಾದುದಿಷ್ಟು: ನಾಲ್ಕು ಚಕ್ರಗಳ ಚಾಲನೆಯು ವಾಹನವನ್ನು ಹೊರಡಿಸಲು, ಏರಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ಬ್ರೇಕು ಸಾಧಾರಣ ಕಾರಿನಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಮಡಿಯಾಗುತ್ತದೆ. ಜೀಪಿಗೆಂದು ಇದರಲ್ಲಿ ರಿಯಾಯಿತಿಯಿಲ್ಲ. ಸಲೀಸಾಗಿ ಮುನ್ನುಗ್ಗುವ ವಾಹನವು ರಸ್ತೆ ಎಷ್ಟು ಜಾರುತ್ತಿದೆಯೆಂಬುದನ್ನು ಚಾಲಕನಿಂದ ಮರೆಮಾಚುವುದೇ ದೊಡ್ಡ ಅಪಾಯ. ಇಲ್ಲಿ ರಕ್ಷಣೆ ಕೊಡುವುದು ಸವೆಯದ ಟೈರು ಮತ್ತು ತಗ್ಗಿದ ವೇಗ.

ಘಟ್ಟ ಹತ್ತಿ ಮೂಡಿಗೆರೆಯ ಕಡೆ ಕಾಫಿ ತೋಟದ ಮಣ್ಣುದಾರಿ ಹಿಡಿದಾಗ ಕೋಲಿಗೆ ನಿಜವಾದ ಕೆಲಸ ಒದಗುತ್ತದೆ. ಕೆಸರಿಗೆ ಇಳಿಯುವ ಮೊದಲೇ 4ಎಚ್ ಹಾಕಬೇಕು, ಹೂತ ಮೇಲಲ್ಲ. ಒಂದೇ ಸಮನಾದ ನಿಧಾನಗತಿಯಲ್ಲಿ ಸಾಗಬೇಕು. ಚಕ್ರ ನಿಂತಲ್ಲೇ ಸುತ್ತತೊಡಗಿದರೆ ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುವುದರಿಂದ, ಇಳಿದು ಚಕ್ರದಡಿ ಕಲ್ಲು, ಸೊಪ್ಪುಸದೆ ಹಾಕುವುದೇ ಲೇಸು. ಕಡಿದಾದ ಏರು, ಇಳಿಜಾರುಗಳಿಗೆ ವಾಹನ ನಿಲ್ಲಿಸಿ 4ಎಲ್ ಹಾಕಬೇಕು. ಇದರಲ್ಲಿ ವೇಗ ಎರಡರಿಂದ ಎರಡೂವರೆ ಪಟ್ಟು ತಗ್ಗಿ, ಎಳೆತ ಅಷ್ಟೇ ಪಟ್ಟು ಹೆಚ್ಚುತ್ತದೆ. ಇಳಿಯುವಾಗ ಮೊದಲ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆಹಿಡಿಯುತ್ತದೆ. ಗಾಬರಿಯಿಂದ ಕ್ಲಚ್ ತುಳಿದರೆ ಆ ಹಿಡಿತ ತಪ್ಪಿ ವಾಹನ ಓಡತೊಡಗುತ್ತದೆ.

ಸಡಿಲ ಮರಳಿನಲ್ಲಿ ಟೈರಿನ ಗಾಳಿಯನ್ನು ಇಳಿಸಿದರೆ ಟೈರು ಅಗಲವಾಗಿ ಊರಿ ಹೂಳುವುದು ಕಡಿಮೆಯಾಗುತ್ತದೆ; ಡಾಂಬರಿಗೆ ಮರಳಿದೊಡನೆ ಗಾಳಿ ತುಂಬಿಸಿಕೊಳ್ಳಲೇಬೇಕು. ತೋಟದ ದಾರಿ ಮುಗಿದು ಡಾಂಬರು ಸಿಕ್ಕಿದಾಗಲೂ ಅಷ್ಟೆ: ಕೋಲನ್ನು 2ಎಚ್‌ಗೆ ತಂದು, ಮುಂದಿನ ತಿರುವು ಬರುವ ಮೊದಲು ಸೂಚಕ ದೀಪ ಆರಿದೆಯೇ ಎಂದು ನೋಡಿಕೊಳ್ಳಬೇಕು.